ನಾಲ್ಕನೆಯ ಮಗುವಿನ ಕೆನ್ನೆಗುಳಿ

ನಮ್ಮ ಜನನ ನೋಂದಣಿ ಕಚೇರಿಯ ಅಂದಾಜು ಈವರೆಗೆ ಒಮ್ಮೆಯೂ ತಪ್ಪಿಲ್ಲ. ಮಕ್ಕಳು ಮಾತ್ರ ಆಗಾಗ ತಪ್ಪಾಗಿ ಹುಟ್ಟುತ್ತಾರೆ. ಅಂಥವರನ್ನು ನಾವು ಹುಟ್ಟಿದವರೆಂದು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಹುಟ್ಟಲಿರುವ ಮಗು ಯಾರನ್ನು ಹೋಲಬೇಕೆಂದು ಮುಂಚಿತವಾಗಿ ತಿಳಿಸುವುದು ನಮ್ಮ ಕೆಲಸ. ಹಾಗೆಯೇ ಹುಟ್ಟಿದೆಯೇ ಎಂದು ಪರಿಶೀಲಿಸಿ ಪ್ರಮಾಣಪತ್ರ ಕೊಡುವುದೂ ನಮ್ಮದೇ. ನಿಯಮ ಹನ್ನೊಂದು ಹೀಗಿದೆ: "ತಂದೆತಾಯಿ ಇಬ್ಬರಿಗೂ ಕೆನ್ನೆಗುಳಿ ಇದ್ದು, ಅಜ್ಜಿಯರಿಬ್ಬರಿಗೂ ಇಲ್ಲದಿದ್ದಲ್ಲಿ, ನಾಲ್ಕು ಮಕ್ಕಳ ಪೈಕಿ ಮೂವರಿಗೆ ಗುಳಿ ಇರತಕ್ಕದ್ದು, ಒಬ್ಬರಿಗೆ ಇರತಕ್ಕದ್ದಲ್ಲ."

ಒಂದು ಶುಕ್ರವಾರ ದರ್ಜಿಯೊಬ್ಬ ಹೆಂಡತಿಯ ಜೊತೆ ನಾಲ್ಕನೆಯ ಕೂಸನ್ನು ಎತ್ತಿಕೊಂಡು ಬಂದ. ಅವರದು ನಿಯಮ ಹನ್ನೊಂದಕ್ಕೆ ಸೇರಿದ ಸಂಸಾರ, ಮೊದಲ ಮೂವರಿಗೂ ಗುಳಿ ಇತ್ತು. ಈ ಹೆಣ್ಣುಕೂಸು ಮೇಜಿನ ಮೇಲಿದ್ದ ರಬ್ಬರ್ ಸ್ಟ್ಯಾಂಪ್ ನೋಡಿ ನಕ್ಕಿತು. ಎರಡೂ ಕೆನ್ನೆಯಲ್ಲಿ ಗುಳಿ ಬಿತ್ತು.

"ಏನ್ರೀ ಇದು?" ಎಂದರು ನಮ್ಮ ಸಾಹೇಬರು. "ಇರೋ ಗುಳಿಯೆಲ್ಲಾ ಮೊದಲ ಮೂರು ಮಕ್ಕಳೇ ಖರ್ಚು ಮಾಡಿಬಿಟ್ಟಿದಾರೆ. ಇವಳಿಗೆ ಎಲ್ಲಿಂದ ಬಂತು?"

"ನಮ್ಮ ತಂಗಿ ಸ್ಕೂಲ್ ಟೀಚರು ಸಾರ್," ಎಂದ ದರ್ಜಿ. "ಪ್ರತಿ ಮಗುಗೂ ಲೆಕ್ಕ ಹೊಸದಾಗೇ ಶುರುವಾಗುತ್ತಂತೆ, ನಾಣ್ಯ ಚಿಮ್ಮಿದ ಹಾಗೆ. ಹಿಂದಿನ ಸಲ ಏನು ಬಿತ್ತು ಅಂತ ನಾಣ್ಯಕ್ಕೆ ನೆನಪಿರುತ್ತಾ?"

"ನಾಣ್ಯಕ್ಕೆ ಇಲ್ಲದಿರಬಹುದು. ನಮಗೆ ಕಡತ ಇದೆ."

ಉತ್ತರ ಎಷ್ಟು ಸಮರ್ಪಕವಾಗಿತ್ತೆಂದರೆ ನಾನದನ್ನು ಬರೆದಿಟ್ಟುಕೊಂಡೆ.

ದರ್ಜಿಯ ಹೆಂಡತಿ ಕೈಮುಗಿದಳು. "ಸೋಮವಾರ ನಾನು ಗಿರಣಿಗೆ ಹೋಗ್ಲಿಲ್ಲ ಅಂದ್ರೆ ಕೆಲಸ ಹೋಗುತ್ತೆ ಸಾರ್. ಪತ್ರ ಇಲ್ದೆ ಅಲ್ಲಿ ಶಿಶುವಿಹಾರದವರು ಇವಳನ್ನ ಒಳಗೆ ಬಿಡಲ್ಲ. ಏನಾದ್ರೂ ದಾರಿ ಹೇಳಿ."

ಸಾಹೇಬರ ಕರುಳು ಚುರ್ ಎಂದಿತು. ನೂರು ಮಕ್ಕಳು ಅಂದಾಜಿನಂತೆಯೇ ಹುಟ್ಟಿದರೆ ಅವರಿಗೆ ಬಡ್ತಿ, ತೊಂಬತ್ತೊಂಬತ್ತು ಆಗಿತ್ತು. ನಿಯಮ ಪುಸ್ತಕ ತಿರುವಿ ಹಾಕಿ ದಾರಿ ಹುಡುಕಿದರು. ಗುಳಿ ಕಾಣುವುದು ನಕ್ಕಾಗ ಮಾತ್ರ. ಆದ್ದರಿಂದ ಐದು ನಿಮಿಷದ ಪರಿಶೀಲನೆಯಲ್ಲಿ ನಗದ ಕೂಸಿಗೆ ಗುಳಿ ಇಲ್ಲವೆಂದೇ ಭಾವಿಸತಕ್ಕದ್ದು.

ನಾನು ಗಡಿಯಾರ ನೋಡುತ್ತಾ ಕೂತೆ. ದರ್ಜಿ ಮುಖ ಗಂಟು ಹಾಕಿಕೊಂಡ. ಕೂಸಿಗೆ ಅದೇ ತಮಾಷೆಯಾಗಿ ಕಿಲಕಿಲ ನಕ್ಕಿತು. ಮತ್ತೆ ಮೊದಲಿನಿಂದ ಶುರು. ಸಾಹೇಬರು ಕಣ್ಣು ಕೆಂಪಗೆ ಮಾಡಿದರು. ಕೂಸು ಕೇಕೆ ಹಾಕಿತು. ನನಗೂ ನಗು ತಡೆಯಲಾಗದೆ ಕಡತ ಅಡ್ಡ ಹಿಡಿದೆ.

ಮೂರನೆಯ ಸಲ ತಾಯಿ ಕೂಸಿನ ಮುಷ್ಟಿಯಿಂದ ತನ್ನ ಬೆರಳು ಬಿಡಿಸಿಕೊಂಡು, ಅದನ್ನು ಮೇಜಿನ ಮೇಲೆ ಮಲಗಿಸಿ, ಬೆನ್ನು ತಿರುಗಿಸಿ ನಿಂತಳು. ಕೂಸು ಆ ಬೆನ್ನನ್ನೇ ನೋಡಿತು. ತುಟಿ ಅದುರಿತು. ಐದು ನಿಮಿಷ ಅದು ನಗಲಿಲ್ಲ. ನಾನು ಎರಡೆರಡು ಸಲ ನೋಡಿದೆ, ಗಡಿಯಾರ ಸರಿಯಾಗಿಯೇ ಇತ್ತು.

"ಗುಳಿ ಇಲ್ಲ" ಎಂದು ಬರೆದು ಸಾಹೇಬರು ಮೊಹರು ಒತ್ತಿದರು. ತಾಯಿ ಕೂಸನ್ನು ಎದೆಗವಚಿಕೊಂಡು, "ನಿಮ್ಮ ಉಪಕಾರ ಮರೆಯಲ್ಲ ಸಾರ್" ಎಂದಳು.

ಈಗ ಈ ಕ್ರಮವನ್ನೇ ಎಲ್ಲ ಕಚೇರಿಗಳಿಗೂ ವಿಸ್ತರಿಸಲಾಗಿದೆ. ನಮ್ಮ ಹಜಾರದಲ್ಲಿ ದಿನವೂ ಮೂವತ್ತು ತಾಯಂದಿರು ಗೋಡೆಗೆ ಮುಖ ಮಾಡಿ ಸಾಲಾಗಿ ನಿಂತಿರುತ್ತಾರೆ. ಹಿಂದೆ ಬೆಂಚಿನ ಮೇಲೆ ಮಕ್ಕಳು ತೆಪ್ಪಗೆ ಮಲಗಿರುತ್ತವೆ. ಮನೆಯಲ್ಲೇ ಒಂದು ವಾರ ಅಭ್ಯಾಸ ಮಾಡಿಸಿ ಕರೆತಂದರೆ ಕೆಲಸ ಬೇಗ ಮುಗಿಯುತ್ತದೆಂದು ತಾಯಂದಿರೇ ಒಬ್ಬರಿಗೊಬ್ಬರು ಹೇಳಿಕೊಡುತ್ತಾರೆ.