ಗೇಟಿನ ಬಾಯಲ್ಲೊಂದು ಬಸಳೆ ಚಪ್ಪರದ ಪ್ರಕರಣ

ನಮ್ಮ ಕಾಂಪೌಂಡಿನಲ್ಲಿ ಎಲ್ಲರೂ ಹೇಳುವ ಕಥೆ ಒಂದೇ: "ಇವನಿಂದಾಗಿ ಸಂಧ್ಯಾಗೆ ತವರು ತಪ್ಪಿತು." ಈ ಹೇಳಿಕೆಯನ್ನು ನಾನು ತೀವ್ರವಾಗಿ ಆಕ್ಷೇಪಿಸುತ್ತೇನೆ. ಗಾಳಿ ಬೀಸಿಸಿದವನು ನಾನೇ? ಮರಳು ಸುರಿದವನು ನಾನೇ? ಸಾಕ್ಷ್ಯವೆಲ್ಲಿ? ಕಾಲೇಜಿನಲ್ಲಿ ಚರ್ಚಾಸ್ಪರ್ಧೆಯ ಫಲಕ ಗೆದ್ದವನ ಮೇಲೆ ಆರೋಪ ಹೊರಿಸುವಾಗ ಅಷ್ಟಾದರೂ ತಯಾರಿ ಬೇಡವೇ!

ಸಂಗತಿ ಇಷ್ಟು. ಕೊಲ್ಲಿ ದೇಶದ ಅಲ್ ಅಜೀಜಿಯಾದಲ್ಲಿರುವ ನಮ್ಮ ಕಾಂಪೌಂಡಿನೊಳಗಿನ ರಸ್ತೆ ಖಾಸಗಿ. ಶಮಾಲ್ ಗಾಳಿ ಬೀಸಿ ಮರಳು ತುಂಬಿದರೆ ಸರಕಾರದ ಗಾಡಿ ಒಳಗೆ ಬರುವುದಿಲ್ಲ; ನಾವೇ ಮರಳೆತ್ತುವ ಲೋಡರ್ ಕರೆಸಬೇಕು. ಅದು ಬರಬೇಕಾದರೆ ರಸ್ತೆ ತಯಾರಿರಬೇಕು. ಚಾಚಿದ ಕೊಂಬೆ ಕಡಿದಿರಬೇಕು, ಹೂಕುಂಡ ಸರಿಸಿರಬೇಕು. ಮುಖ್ಯವಾಗಿ, ಗೇಟಿನ ಬಾಯಲ್ಲೇ ಇರುವ ಕೊಳಚೆ ಟ್ಯಾಂಕಿನ ಮುಚ್ಚಳದ ಸುತ್ತ ಕೆಂಪು ಬಟ್ಟೆ ಕಟ್ಟಿದ ಕೋಲುಗಳು ನಿಂತಿರಬೇಕು. ಮರಳಡಿಯ ಮುಚ್ಚಳ ಕಾಣುವುದಿಲ್ಲವಲ್ಲ. ಈ ಉಸ್ತುವಾರಿಯನ್ನು ಕಾಂಪೌಂಡಿನ ಹಿರಿಯರಾದ ಫೆಲಿಕ್ಸ್ ಅಂಕಲ್ ನನಗೆ ವಹಿಸಿದ್ದರು. ಯುವಕರಿಗೆ ಅವಕಾಶ ಕೊಡಬೇಕೆಂಬ ಹುಚ್ಚು ಅವರಿಗೆ.

ಆಗಲೇ ನನ್ನ ಬಸುರಿ ಹೆಂಡತಿ ಸಂಧ್ಯಾಗೆ ಬಸಳೆ ಹುಳಿಯ ಬಯಕೆ ಹತ್ತಿತು. ಅಂಕಲ್ಲೇ ಪೇಂಟಿನ ಡಬ್ಬಿಯಲ್ಲಿ ಬಳ್ಳಿ ಕೊಟ್ಟರು. ಚಪ್ಪರಕ್ಕೆ ಕೋಲು? ಈ ಮರಳುಗಾಡಿನಲ್ಲಿ ಕೋಲು ಎಲ್ಲಿ ಸಿಗುತ್ತದೆ? ರಸ್ತೆಯಲ್ಲಿ!

"ಎಂತ ಮಾರಾಯಾ, ಕೋಲು ಕಿತ್ತದ್ದಾ?" ಅಂಕಲ್ ಗಾಬರಿಯಾದರು.

"ಅಂಕಲ್, ಮುಚ್ಚಳ ಎದ್ದು ನಡೆದಾಡ್ತದಾ? ಗೇಟಿನ ಎಡ ಕಂಬದಿಂದ ಸೀದಾ ನಮ್ಮ ಕಿಟಕಿಗೆ ಗೆರೆ ಎಳೆದ್ರೆ ಆ ಗೆರೆ ಮೇಲೇ ಉಂಟು. ಅಲ್ಲ ಅಂತ ಸಾಧಿಸಿ ತೋರಿಸಿ ನೋಡುವಾ."

"ನಿನ್ನ ಹತ್ರ ಹೇಳುವುದಕ್ಕಿಂತ ಈ ಗೋಡೆಗೆ ಹೇಳ್ಬಹುದು," ಎಂದು ಅವರು ಹೊರಟೇ ಹೋದರು. ಎದುರಾಳಿ ವೇದಿಕೆ ಇಳಿದರೆ ಗೆಲುವು ನಮ್ಮದು. ನಿಯಮವೇ ಹಾಗೆ!

ಬಸಳೆ ನಮ್ಮ ಮನೆಯ ಗೋಡೆಗುಂಟ ಸೊಗಸಾಗಿ ಹಬ್ಬಿತು.

ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕು. ಕುಂದಾಪುರದಲ್ಲಿ ಅತ್ತೆ ಬಾಣಂತಿ ಕೋಣೆಗೆ ಸುಣ್ಣ ಬಳಿಸಿ ಕಾಯುತ್ತಿದ್ದರು. ಟಿಕೆಟ್ ತೆಗೆದಿದ್ದ ಆ ಸಂಜೆಯ ವಿಮಾನ ತಪ್ಪಿದರೆ, ದಿನ ತುಂಬುತ್ತ ಬಂದವಳನ್ನು ಮುಂದೆ ಯಾವ ವಿಮಾನದವರೂ ಹತ್ತಿಸಿಕೊಳ್ಳುತ್ತಿರಲಿಲ್ಲ. ಹೊರಡುವ ಹಿಂದಿನ ದಿನವಿಡೀ ಶಮಾಲ್ ಬೀಸಿತು. ಬೆಳಿಗ್ಗೆ ನೋಡಿದರೆ ಗೇಟಿನಲ್ಲಿ ಮೊಣಕಾಲುದ್ದ ಮರಳು. ಕಾರು ಅಲ್ಲಾಡುವಂತಿಲ್ಲ.

ಲೋಡರ್ ಬಂತು. ಪಠಾಣ ಚಾಲಕ ಹೊರಗೇ ನಿಲ್ಲಿಸಿ, ಟ್ಯಾಂಕ್ ಎಲ್ಲಿ ಎಂದು ಹಿಂದಿಯಲ್ಲಿ ಕೇಳಿದ. ನಾನು ಗಂಭೀರವಾಗಿ ಎಡ ಕಂಬಕ್ಕೆ ಬೆನ್ನು ಕೊಟ್ಟು ಕಿಟಕಿಯತ್ತ ನೋಡಿದೆ. ಕಿಟಕಿ ಇರಲಿಲ್ಲ. ಕಿಟಕಿಯಿದ್ದಲ್ಲಿ ಪೂರ್ತಿ ಬಸಳೆ!

ಅಂದಾಜಿಗೆ ಒಂದು ಜಾಗ ತೋರಿಸಿದೆ.

"ಅಲ್ಲಿಯಾ? ಗ್ಯಾರಂಟಿಯಾ?" ಎಂದರು ಅಂಕಲ್.

"ಉಸ್ತುವಾರಿ ನನ್ನದು ಅಂಕಲ್, ನೀವು ಸುಮ್ಮನಿರಿ," ಎಂದು ಚಾಲಕನಿಗೆ ಕೈ ಬೀಸಿ, ತೊಂದರೆಯಿಲ್ಲ, ನಡಿ ಎಂದು ಗೊತ್ತಿದ್ದಷ್ಟು ಅರಬಿಯಲ್ಲಿ ಕೂಗಿದೆ. "ಮಾಫಿ ಮುಶ್ಕಿಲ್! ಯಲ್ಲಾ, ಯಲ್ಲಾ!"

ಲೋಡರ್ ನಾನು ತೋರಿಸಿದ ಜಾಗವನ್ನು ಬಹಳ ಗೌರವದಿಂದ ಬಳಸಿಕೊಂಡು ಹೋಗಿ, ತೋರಿಸದ ಜಾಗದಲ್ಲಿ ಚಕ್ರ ಇಟ್ಟಿತು. ಮರಳಡಿಯಲ್ಲಿ ಏನೋ ಮುರಿದ ಸದ್ದು. ಮುಂದಿನ ಚಕ್ರ ಟ್ಯಾಂಕಿನೊಳಗೆ. ಉಳಿದದ್ದು ಎರಡು ಕಂಬಗಳ ನಡುವೆ ಓರೆಯಾಗಿ ಸಿಕ್ಕಿಕೊಂಡಿತು. ಬೆಕ್ಕು ನುಸುಳಲೂ ಸಂದಿಲ್ಲ. ಸುತ್ತ ಕೊಳಚೆ ಉಕ್ಕಿತು. ಆ ವಾಸನೆಯ ವಿಷಯದಲ್ಲಿ ಮಾತ್ರ ಪರ ವಿರೋಧ ಇರಲಿಲ್ಲ.

"ಖಲಾಸ್," ಎಂದು ಚಾಲಕ ಇಂಜಿನ್ ಆರಿಸಿದ.

ಸಂಧ್ಯಾ ಸೂಟ್‌ಕೇಸ್ ಹಿಡಿದು ಬಾಗಿಲಲ್ಲಿ ನಿಂತಿದ್ದಳು.

"ಏಣಿ ಹಾಕಿದ್ರೆ ಗೋಡೆ ದಾಟ್ಬಹುದು," ಎಂದೆ.

"ಯಾರು?"

ನಾನು ಅವಳ ಹೊಟ್ಟೆ ನೋಡಿದೆ. ಗೋಡೆ ನೋಡಿದೆ.

"ನಿಮ್ಮ ತಲೆ ಸಮ ಉಂಟಾ ಮಾರಾಯ್ರೆ?" ಎಂದಳು. ಆಮೇಲೆ ನನಗೆ ಬೆನ್ನು ಹಾಕಿ ಸೂಟ್‌ಕೇಸಿನ ಮೇಲೆ ಕೂತಳು. ವಾದಿಸಿದ್ದರೆ ಉತ್ತರ ಕೊಡುತ್ತಿದ್ದೆ.

ಕ್ರೇನ್ ಬರುವಷ್ಟರಲ್ಲಿ ವಿಮಾನ ಹಾರಿಹೋಗಿತ್ತು. ಯಾವುದೋ ವಿಮಾನದ ಸದ್ದು ತಲೆಯ ಮೇಲೆ ಹಾದುಹೋಯಿತು. ಅವಳು ಕತ್ತೆತ್ತಿ ನೋಡಲಿಲ್ಲ. ಫೆಲಿಕ್ಸ್ ಅಂಕಲ್ ಬಯ್ಯಲಿಲ್ಲ. "ಬಾಣಂತನಕ್ಕೆ ನನ್ನ ಹೆಂಡತಿ ಇದ್ದಾಳೆ ಮಗಾ, ನೀನು ಹೆದರ್ಬೇಡ," ಎಂದು ಅವಳಿಗೆ ಹೇಳಿ ಹೋದರು.

ಸಂಧ್ಯಾ ಚಪ್ಪರದ ಕೋಲುಗಳನ್ನು ಒಂದೊಂದಾಗಿ ಕೀಳತೊಡಗಿದಳು. ಬಳ್ಳಿ ನೆಲಕ್ಕೆ ಕುಸಿಯಿತು, ಕಿಟಕಿ ಸ್ಪಷ್ಟವಾಗಿ ಕಾಣಿಸಿತು. ಅದರೊಳಗೆ ಫೋನ್ ಬಡಿದುಕೊಳ್ಳುತ್ತಿತ್ತು. ಕುಂದಾಪುರದಿಂದಲೇ ಇರಬೇಕು, ಮಗಳು ಹೊರಟಳೋ ಇಲ್ಲವೋ ಎಂದು. ಚರ್ಚಾ ಫಲಕದ ಒಡೆಯನಿಗೆ ರಿಸೀವರ್ ಎತ್ತುವ ಧೈರ್ಯ ಬರಲಿಲ್ಲ.

"ಸಂಧ್ಯಾ, ಅಮ್ಮನ ಹತ್ರ ಗಾಳಿ ಜೋರಿತ್ತು ಅಂತ ಮಾತ್ರ ಹೇಳಿದ್ರೆ ಸಾಕಲ್ವಾ?"