ನಲವತ್ತು ಮಾರು ದೂರ

ಸುಂದರಿಯನ್ನು ಸುರಕ್ಷತಾ ಸಮಿತಿಗೆ ಸೇರಿಸಿಕೊಳ್ಳಲು ಇದ್ದ ಒಂದೇ ಅರ್ಹತೆಯೆಂದರೆ, ಅವಳಿಗೆ ಯಾವ ಅರ್ಹತೆಯೂ ಇಲ್ಲದಿರುವುದು.

ಶನಿವಾರ ಬೆಳಿಗ್ಗೆ ಅವಳು ಅಂಗಳದಲ್ಲಿ ಒಣಮೀನು ಮಗುಚುತ್ತಿದ್ದಾಗ ಪಕ್ಕದ ಹಿತ್ತಿಲಿನ ದೇಜಪ್ಪ ಬೇಲಿಯ ಆಚೆಯಿಂದಲೇ ಕರೆದ.

“ಸುಂದರಿ, ಹತ್ತು ಗಂಟೆಗೆ ನಮ್ಮ ಚಾವಡಿಗೆ ಬಾ. ಟವರಿನ ಸಮಿತಿಗೆ ನಿನ್ನ ಹೆಸರು ಹಾಕಿದ್ದೇವೆ.”

“ನನ್ನದಾ? ನನಗೆ ಎಂತ ಗೊತ್ತುಂಟು ದೇಜಪ್ಪಣ್ಣ?”

“ಅದಕ್ಕೇ ಹಾಕಿದ್ದು ಮಾರಾಯ್ತಿ. ಗೊತ್ತಿದ್ದವರನ್ನು ಹಾಕಿದರೆ ಮಾತು ಮುಗಿಯುವುದುಂಟಾ? ನಿನ್ನ ಹತ್ತಿರ ಫೋನಿಲ್ಲ, ಬಾಡಿಗೆಗೆ ಕೊಡುವ ಜಾಗವಿಲ್ಲ. ಮತ್ತೆ, ಟವರಿಗೆ ಎಲ್ಲರಿಗಿಂತ ಹತ್ತಿರದ ಮನೆ ನಿನ್ನದು. ನೀನೇ ಒಪ್ಪಿದ ಮೇಲೆ ಉಳಿದವರು ಎಂತ ಹೇಳುವುದು?”

ಹೂಡೆ ಊರಿನ ಆ ತುದಿಯಲ್ಲಿ ಒಂದು ಬದಿಗೆ ಕಡಲು, ಇನ್ನೊಂದು ಬದಿಗೆ ಹೊಳೆ. ನಡುವೆ ಉಳಿದ ಸಪೂರ ನೆಲದಲ್ಲಿ ಮೊಬೈಲ್ ಸಿಗ್ನಲ್ ಎನ್ನುವುದು ಮುನಿಸಿಕೊಂಡ ಅಳಿಯನ ಹಾಗೆ, ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ದೇಜಪ್ಪನ ತೆಂಗಿನ ಹಿತ್ತಿಲಿನಲ್ಲಿ ಟವರ್ ನಿಲ್ಲಿಸುತ್ತಾರೆ ಎಂದಾಗ ಕೆಲವರು ವಿಕಿರಣದ ಮಾತೆತ್ತಿದರು. ಕಂಪೆನಿಯವರು ಜಗಳಕ್ಕೆ ಬರಲಿಲ್ಲ. ‘ನೀವೇ ಒಂದು ಸಮಿತಿ ಮಾಡಿ, ಮನೆಗಳಿಂದ ಎಷ್ಟು ದೂರ ಇರಬೇಕೆಂದು ನೀವೇ ಹೇಳಿ, ನಾವು ಅಷ್ಟು ದೂರದಲ್ಲಿ ಹಾಕುತ್ತೇವೆ’ ಎಂದರು. ಬಾಡಿಗೆ ಪಡೆಯಲಿದ್ದ ದೇಜಪ್ಪ ಅಂದೇ ಸಂಜೆ ಸಮಿತಿಯ ಅಧ್ಯಕ್ಷನಾದ.

ಸುಂದರಿ ಒಳಗೆ ಬಂದು ಕೈ ತೊಳೆದಳು. ಕೋಣೆಯಲ್ಲಿ ಮಗಳು ನವ್ಯಶ್ರೀ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಬೆನ್ನುನೋವೆಂದು ತವರಿಗೆ ಬಂದಿದ್ದಾಳೆ ಎಂದು ಊರಿಗೆಲ್ಲ ಹೇಳಿಯಾಗಿತ್ತು. ನಿಜವೆಂದರೆ ಅವಳಿಗೆ ಐದು ತಿಂಗಳು ತುಂಬಿತ್ತು. ಮೊದಲನೆಯದು ನಾಲ್ಕು ತಿಂಗಳಿಗೆ ಹೋಗಿತ್ತು. ಎರಡನೆಯದು ಆರು ತಿಂಗಳಿಗೆ, ಇದೇ ಮನೆಯಲ್ಲಿ. ಈ ಸಲ ಬಯಕೆಯ ಊಟ ಹಾಕುವವರೆಗೆ ಯಾರಿಗೂ ತಿಳಿಯಬಾರದೆಂದು ತಾಯಿ ಮಗಳು ನಿಶ್ಚಯಿಸಿದ್ದರು. ಸಂತೋಷವನ್ನು ಕದ್ದ ಮಾಲಿನ ಹಾಗೆ ಬಚ್ಚಿಟ್ಟುಕೊಂಡು ಬದುಕುತ್ತಿದ್ದರು.

“ಎಲ್ಲಿಗಮ್ಮ?” ಎಂದು ನವ್ಯಾ ಕೇಳಿದಳು.

“ಇಲ್ಲೇ, ದೇಜಪ್ಪಣ್ಣನಲ್ಲಿಗೆ. ನೀನು ಬಿಸಿಲಿಗೆ ಹೊರಗೆ ಹೋಗಬೇಡ.”

ನವ್ಯಾ ದಿಂಬಿನ ಕೆಳಗಿದ್ದ ಫೋನನ್ನು ತಡವಿದಳು. ದಿನಾ ಮಧ್ಯಾಹ್ನ ಅವಳು ಶಾಲು ಹೊದ್ದುಕೊಂಡು ಕಡಲಿನ ತಡೆಗೋಡೆಯ ಕಲ್ಲಿನ ಮೇಲೆ ಹೋಗಿ, ಫೋನನ್ನು ತಲೆಗಿಂತ ಮೇಲೆ ಎತ್ತಿ ಹಿಡಿದು ನಿಲ್ಲುತ್ತಿದ್ದಳು. ಅವಳ ಗಂಡ ಉಜ್ವಲ್ ಗಲ್ಫಿನ ಬಂದರೊಂದರಲ್ಲಿ ಹಡಗು ಎಳೆಯುವ ಟಗ್ ದೋಣಿಯ ಮೇಲೆ ಕೆಲಸಕ್ಕಿದ್ದ. ಊಟದ ಬಿಡುವಿನಲ್ಲಿ ಅವನಿಗೆ ಸಿಗುವ ಹತ್ತು ನಿಮಿಷದಲ್ಲಿ ಎಂಟು ನಿಮಿಷ “ಹಲೋ, ಕೇಳುತ್ತದಾ?” ಎನ್ನುವುದರಲ್ಲೇ ಹೋಗುತ್ತಿತ್ತು. ಪಾಚಿ ಹಿಡಿದ ಕಲ್ಲು. ಸುಂದರಿ ಬೈದು ಬೈದು ಸೋತಿದ್ದಳು.

ಹಿಂದಿನ ಎರಡು ಸಲವೂ ಸುಂದರಿ ಡಾಕ್ಟರ ಬಳಿ ಕಾರಣ ಕೇಳಿದ್ದಳು. “ಕೆಲವೊಮ್ಮೆ ಹೀಗಾಗುತ್ತದೆ ಅಮ್ಮ” ಎಂದಿದ್ದರು. ಕೆಲವೊಮ್ಮೆ ಎನ್ನುವುದರ ಜೊತೆ ಜಗಳ ಮಾಡುವುದು ಹೇಗೆ? ಅದಕ್ಕೆ ಮನೆಯಿಲ್ಲ, ಮುಖವಿಲ್ಲ. ಈ ಟವರಿಗಾದರೆ ನಾಲ್ಕು ಕಾಲುಗಳಿರುತ್ತವೆ. ದೂರ ಹೋಗು ಎನ್ನಬಹುದು. ವಿಕಿರಣದಿಂದ ಏನಾಗುತ್ತದೆ, ಆಗುವುದಿಲ್ಲ ಎಂಬುದು ಅವಳಿಗೆ ತಿಳಿದಿರಲಿಲ್ಲ. ತಿಳಿದವರ ಮಾತಿನಿಂದ ಅವಳಿಗೆ ಈವರೆಗೆ ಸಮಾಧಾನ ಸಿಕ್ಕಿರಲೂ ಇಲ್ಲ.

ದೇಜಪ್ಪನ ಚಾವಡಿಯಲ್ಲಿ ಬನ್ಸು, ಚಹಾ ತಯಾರಿತ್ತು. ನಿವೃತ್ತ ನರ್ಸು ವೆರೊನಿಕಾ ಬಾಯಿ ಆರೋಗ್ಯದ ಪ್ರತಿನಿಧಿ; ಟವರಿನ ಅಡಿಪಾಯಕ್ಕೆ ಕಾರ್ಕಳದಿಂದ ಜಲ್ಲಿ ತರಿಸುವ ಗುತ್ತಿಗೆ ಅವರ ಮಗನದು. ಅಣ್ಣು ಮೀನುಗಾರರ ಪ್ರತಿನಿಧಿ. ಟವರಾದರೆ ಅದರ ಕಾವಲುಗಾರನ ಕೆಲಸ ಅವನಿಗೇ ಎಂದು ಮಾತಾಗಿತ್ತು. ಮಣಿಪಾಲದ ಕಡೆಯಿಂದ ಬಂದ ಡಾಕ್ಟರ್ ಧನರಾಜ್ ತಜ್ಞರು. ಮದ್ದು ಕೊಡುವ ಡಾಕ್ಟರ್ ಅಲ್ಲ, ಅಲೆಗಳ ಬಗ್ಗೆ ಓದಿದವರು. ಅವರು ಬಂದಿಳಿದದ್ದು ಕಂಪೆನಿಯ ಕಾರಿನಲ್ಲಿ.

“ಮೊದಲು ಒಂದು ಶಿಸ್ತು,” ಎಂದು ಡಾಕ್ಟರು ಎಲ್ಲರ ಮುಂದೆ ಒಂದೊಂದು ಕಾಗದ ಇಟ್ಟರು. “ಈ ಟವರಿನಿಂದ ನನಗಾಗಲಿ ನನ್ನ ಮನೆಯವರಿಗಾಗಲಿ ಲಾಭ ನಷ್ಟ ಯಾವುದೂ ಇಲ್ಲ ಎಂದು ಬರೆದಿದೆ. ಸಹಿ ಮಾಡಿ.”

ದೇಜಪ್ಪ ಮಾಡಿದ. ವೆರೊನಿಕಾ ಬಾಯಿ ಶಿಲುಬೆಯ ಗುರುತು ಮಾಡಿಕೊಂಡು ಮಾಡಿದರು. ಅಣ್ಣು ಪೆನ್ನಿನ ತುದಿ ನೆಕ್ಕಿ ಮಾಡಿದ. ಡಾಕ್ಟರು ಓದದೆಯೇ ಮಾಡಿದರು. ಕೊನೆಗೆ ಸುಂದರಿ ಒಂದೊಂದೇ ಅಕ್ಷರ ಕೂಡಿಸಿ ತನ್ನ ಹೆಸರು ಬರೆದಳು. ನಷ್ಟ ಇಲ್ಲ ಎಂಬ ಸಾಲಿನ ಕೆಳಗೆ ಹೆಸರು ಬರೆಯುವಾಗ ಆ ಸಾಲನ್ನು ಎಡಗೈಯಿಂದ ಮುಚ್ಚಿಕೊಂಡಳು.

“ಇದೆಲ್ಲ ಕಾನೂನಿನ ಮಿತಿಯ ಒಳಗೇ ಉಂಟು,” ಡಾಕ್ಟರು ಹೇಳಿದರು. “ಹೆದರುವಂಥದ್ದು ಏನೂ ಇಲ್ಲ.”

“ಆ ಮಿತಿ ಹಾಕಿದ್ದು ಯಾರು ಸಾರ್?” ಸುಂದರಿಯ ಬಾಯಿಂದ ತಾನಾಗಿ ಬಂತು.

“ತಜ್ಞರು ಅಮ್ಮ. ದೊಡ್ಡ ದೊಡ್ಡ ಸಮಿತಿಗಳು.”

“ಅಲ್ಲಿ ಯಾರೆಲ್ಲ ಇರುತ್ತಾರೆ?”

“ಎಲ್ಲ ನಮ್ಮಂಥವರೇ.”

ಸುಂದರಿ ಅಂಗಳದಲ್ಲಿದ್ದ ಕಾರನ್ನು ನೋಡಿದಳು. ಡಾಕ್ಟರೂ ಅದನ್ನು ನೋಡಿ, ಬನ್ಸು ಮುರಿದು ಬಾಯಿಗೆ ಹಾಕಿಕೊಂಡರು.

“ಮಿತಿ ಎಂದರೆ ಮೈ ಬಿಸಿಯಾಗದಷ್ಟು ದೂರ,” ಎಂದು ಅವರು ನುಂಗಿದ ಮೇಲೆ ವಿವರಿಸಿದರು.

“ಬಿಸಿಯೊಂದೇ ನೋಡಿದರೆ ಸಾಕಾ? ಒಳಗಿರುವ ಸಣ್ಣ ಜೀವಕ್ಕೆ ಎಂತಾಗುತ್ತದೆ ಎಂದು ಹೊರಗಿನಿಂದ ಮುಟ್ಟಿ ನೋಡಿದರೆ ತಿಳಿಯುತ್ತದಾ?”

ವೆರೊನಿಕಾ ಬಾಯಿ ಕನ್ನಡಕ ಸರಿಮಾಡಿಕೊಂಡರು. ಮೂವತ್ತು ವರ್ಷ ಹೆರಿಗೆ ಕೋಣೆಯಲ್ಲಿ ಕಳೆದ ಕಣ್ಣು ಅದು. “ಎಂತ ಸುಂದರಿ, ನಿಮ್ಮ ಮನೆಯಲ್ಲಿ ಯಾರಾದರೂ ಹಾಗೆ ಇದ್ದಾರಾ?”

“ಯಾರೂ ಇಲ್ಲ ಬಾಯಮ್ಮ. ನಮ್ಮ ಮನೆಯಲ್ಲಿ ಅಂಥದ್ದು ಎಂಥದ್ದೂ ಇಲ್ಲ.”

ಇರುವ ಮಗುವನ್ನು ಇಲ್ಲ ಎಂದುಬಿಟ್ಟಿದ್ದಳು. ಸೆರಗಿನ ಒಳಗೆ ಬೆರಳು ಮಡಚಿ, ಕೇಳಿಸಿಕೊಳ್ಳಬೇಡ ಮಗಾ, ಕೇಳಿಸಿಕೊಳ್ಳಬೇಡ ಎಂದುಕೊಂಡಳು.

ಆಮೇಲೆ ದೂರದ ಚರ್ಚೆ. ವೆರೊನಿಕಾ ಬಾಯಿ ಆರೋಗ್ಯದ ದೃಷ್ಟಿಯಿಂದ ನೂರು ಮಾರು ಎಂದರು. ಹಳೆಯ ಬಲೆಗಾರರ ಊರು. ಮೀಟರು ಕಾಗದಕ್ಕೆ, ಅಳತೆ ಏನಿದ್ದರೂ ಮಾರಿನಲ್ಲಿ. ಎರಡೂ ಕೈ ಚಾಚಿದಾಗ ಈ ತುದಿಯಿಂದ ಆ ತುದಿಗೆ ಒಂದು ಮಾರು. “ನೂರು ಮಾರಾದರೆ ಟವರ್ ಹೊಳೆಯ ಆಚೆ ದಡದಲ್ಲಿ ನಿಲ್ಲುತ್ತದೆ ಬಾಯಿ, ನಿಮ್ಮ ಮಗನ ಜಲ್ಲಿ ದೋಣಿಯಲ್ಲಿ ಹೋಗಬೇಕಷ್ಟೆ” ಎಂದ ದೇಜಪ್ಪ. ಆರೋಗ್ಯಕ್ಕೆ ಎಪ್ಪತ್ತು ಸಾಕಾಯಿತು. ಮತ್ತೆ ಐವತ್ತು. ಕೊನೆಗೆ ಆರೋಗ್ಯವು ದೇಜಪ್ಪನ ಹಿಂದಿನ ಬೇಲಿಯ ಒಳಗೆ ಬಂದು, ನಲವತ್ತು ಮಾರಿನಲ್ಲಿ ನೆಮ್ಮದಿಯಾಗಿ ನಿಂತಿತು. ಡಾಕ್ಟರು ಅದನ್ನೇ ವೈಜ್ಞಾನಿಕ ಎಂದು ಬರೆದುಕೊಂಡರು.

“ಅಣ್ಣು, ಹಗ್ಗ ಹಿಡಿ. ಸುಂದರಿಯ ಹೊಸ್ತಿಲಿನಿಂದ ಅಳೆ,” ಎಂದ ದೇಜಪ್ಪ.

ಸುಂದರಿ ಎದ್ದು ನಿಂತಳು. “ಅಣ್ಣುವಿನ ಮಾರಾ? ಅವನು ಕೈ ಚಾಚಿದರೆ ಬಾಗಿಲಿನ ಎರಡು ಬದಿ ಮುಟ್ಟುವುದಿಲ್ಲ. ನಮ್ಮ ಗುಣಪಾಲ ಅಳೆಯಲಿ.”

ಗುಣಪಾಲ ಬಲೆ ಎಳೆಯುವವನು. ಅವನ ಕೈಗಳು ದೋಣಿಯ ಹುಟ್ಟಿನಷ್ಟು ಉದ್ದ.

“ಅವನು ನಿನ್ನ ಮೈದುನ ಅಲ್ವಾ? ಅವನ ಕೈ ನಿನ್ನ ಕಡೆಯದ್ದು!” ಎಂದು ಅಣ್ಣು ಎಗರಿದ.

“ನಿನ್ನ ಕೈ ಯಾರ ಕಡೆಯದ್ದು? ಕಾವಲುಗಾರನ ಟಾರ್ಚು ಹಿಡಿಯಲಿಕ್ಕೆ ಈಗಲೇ ನಡುಗುತ್ತಾ ಉಂಟು.”

ಹತ್ತು ನಿಮಿಷ ಊರಿನ ಕೈಗಳ ವಿಚಾರಣೆ ನಡೆಯಿತು. ದೇಜಪ್ಪನ ಕೈ ಜಾಗದವನ ಕೈ. ವೆರೊನಿಕಾ ಬಾಯಿಯ ಹೆಗಲು ಹಿಡಿದುಕೊಂಡಿತ್ತು. ಡಾಕ್ಟರಿಗೆ ಮಾರು ಹಾಕಲು ಬರುತ್ತಿರಲಿಲ್ಲ. ಬಾಗಿಲಲ್ಲಿ ನಿಂತು ನೋಡುತ್ತಿದ್ದವರ ಕೈಗಳೂ ಅಷ್ಟೆ, ಒಬ್ಬನದು ಈ ಕಡೆಯ ಅಣ್ಣನ ಕೈ, ಇನ್ನೊಬ್ಬನದು ಆ ಕಡೆಯ ಭಾವನ ಕೈ. ಒಂದು ಮಾರಿನಷ್ಟಾದರೂ ನಿಷ್ಪಕ್ಷಪಾತ ಆ ಊರಿನಲ್ಲಿ ಸಿಗಲಿಲ್ಲ.

“ಸುಂದರಿಯೇ ಅಳೆಯಲಿ,” ಎಂದು ಕೊನೆಗೆ ದೇಜಪ್ಪನೇ ಹೇಳಿದ. ಹೆಂಗಸಿನ ಕೈ, ಅಣ್ಣುವಿನದಕ್ಕಿಂತಲೂ ಗಿಡ್ಡ ಎಂದು ಅವನ ಎಣಿಕೆ.

ಸುಂದರಿಯ ಅಪ್ಪ ಬಲೆಯ ಹಗ್ಗ ಅಳೆದು ಹಂಚುತ್ತಿದ್ದವನು ಎಂಬುದು ಅವನಿಗೆ ನೆನಪಿರಲಿಲ್ಲ. ಮಾರಿನಿಂದ ಮಾರಿಗೆ ಹಗ್ಗ ದಾಟಿಸುವಾಗ ಬೆರಳ ಸಂದಿಯಲ್ಲಿ ಒಂದು ಗೇಣು ಹೆಚ್ಚಿಗೆ ಜಾರಿಸಿದರೆ ನೋಡುವವರಿಗೆ ತಿಳಿಯುವುದಿಲ್ಲ. ಅಂಥ ಅಳತೆಯನ್ನು ಅಪ್ಪ ಜನ್ಮದಲ್ಲಿ ಹಾಕಿರಲಿಲ್ಲ; ಹಾಕುವವರನ್ನು ಗುರುತಿಸಲಿ ಎಂದು ಮಗಳಿಗೆ ತೋರಿಸಿಕೊಟ್ಟಿದ್ದ. ಸುಂದರಿ ಅವನ ಕ್ಷಮೆ ಕೇಳಿಕೊಂಡು ಶುರುಮಾಡಿದಳು. ಹೆಗಲಿನ ಕೀಲು ಬಿಚ್ಚುವಷ್ಟು ಕೈ ಚಾಚಿದಳು. ಎದೆಯುಬ್ಬಿಸಿ ಚಾಚಿದಳು. ಒಂದು ಮಾರಿಗೆ ಒಂದು ಗೇಣು, ನಲವತ್ತಕ್ಕೆ ನಲವತ್ತು. ಹಗ್ಗದ ತುದಿ ಹಿಡಿದು ನಡೆದ ಅಣ್ಣು ತೆಂಗು ದಾಟಿದ, ದನದ ಹಟ್ಟಿ ದಾಟಿದ, ಹಿಂದಿನ ಬೇಲಿಯನ್ನೂ ದಾಟಿದ. ಮೂವತ್ತೊಂಬತ್ತಕ್ಕೆ ಹೊಳೆಯ ಕೆಸರಿನಲ್ಲಿ ಮೊಣಕಾಲವರೆಗೆ ಹೂತುಹೋದ.

“ಇನ್ನೊಂದು ಮಾರುಂಟು ಅಣ್ಣು,” ಎಂದಳು ಸುಂದರಿ.

“ಇನ್ನೊಂದು ಹಾಕಿದರೆ ಕಾವಲಿಗೆ ಮೊಸಳೆಯನ್ನೇ ಇಡಬೇಕು ಸುಂದರಿಯಕ್ಕ!”

ಎಲ್ಲರೂ ಚಾವಡಿಗೆ ಮರಳಿದ ಮೇಲೆ ಡಾಕ್ಟರು ಫೈಲು ಮುಚ್ಚಿದರು. ಸಮಿತಿಯೇ ಹಾಕಿದ ಮಿತಿ, ಸಮಿತಿಯೇ ಅಳೆದ ದೂರ. ಈ ಜಾಗ ಆಗುವುದಿಲ್ಲ ಎಂದರು. ದೇಜಪ್ಪ ಕುಡಿದಿಟ್ಟ ಚಹಾದ ಲೋಟಗಳನ್ನು ನೋಡುತ್ತಾ ಹಾಗೇ ಕೂತ.

ಸುಂದರಿ ಮನೆಯ ಕಡೆ ಹೆಚ್ಚುಕಡಿಮೆ ಓಡಿದಳು. ಎರಡು ತೋಳೂ ಉರಿಯುತ್ತಿದ್ದವು. ಆ ಮಗುವಿಗಾಗಿ ಅವಳಿಂದ ಒಂದು ಕೆಲಸವಾದರೂ ಆಯಿತಲ್ಲ! ಸತ್ತ ಗಂಡನಿಗೆ ಹೇಳಬೇಕು, ಆಗದಿದ್ದರೆ ಬೆಕ್ಕಿಗಾದರೂ ಹೇಳಬೇಕು ಅನಿಸಿತು.

ಅಂಗಳದಲ್ಲಿ ರಿಕ್ಷಾ ನಿಂತಿತ್ತು. ನವ್ಯಾ ಬ್ಯಾಗು ತುಂಬಿಸಿ ಜಗಲಿಯ ಮೇಲೆ ಇಟ್ಟಿದ್ದಳು.

“ಟವರ್ ಬರುವುದಿಲ್ಲವಂತೆ ಅಲ್ವಾ ಅಮ್ಮ? ರಸ್ತೆಯಲ್ಲಿ ಎಲ್ಲರೂ ಹೇಳುತ್ತಿದ್ದಾರೆ.”

“ಹೌದು ಮಗಾ! ಬರುವುದಿಲ್ಲ!”

“ಬರುತ್ತದೆ ಎಂದು ಇಷ್ಟು ದಿನ ಕಾದೆ. ಇನ್ನು ಆಗುವುದಿಲ್ಲ. ಕಾಪುವಿಗೆ ಹೋಗುತ್ತೇನೆ, ಅತ್ತೆ ಬಾ ಎಂದಿದ್ದಾರೆ. ಸಂತೆಕಟ್ಟೆಯಲ್ಲಿ ಬಸ್ಸು ಹಿಡಿಯುತ್ತೇನೆ.”

ಹೆರಿಗೆಗೆ ತವರು ಬಿಟ್ಟು ಅತ್ತೆಮನೆಗೆ ಹೊರಟ ಮಗಳನ್ನು ಸುಂದರಿ ಬಾಯಿ ತೆರೆದು ನೋಡಿದಳು. “ಇಲ್ಲಿ ನಾನು ಇಲ್ಲವಾ?”

“ನೀನಿದ್ದೀಯಮ್ಮ. ಹೋದ ಸಲವೂ ಇದ್ದೆ.” ನವ್ಯಾಳ ಧ್ವನಿ ಏರಲಿಲ್ಲ. “ಅವತ್ತು ಮಗು ಹೋಯಿತು ಎಂದು ಗಲ್ಫಿನಲ್ಲಿರುವ ಅವರಿಗೆ ಹೇಳಲಿಕ್ಕೆ ಸಿಗ್ನಲ್ ಸಿಗದೆ ನನಗೆ ಎರಡು ದಿನ ಹಿಡಿಯಿತು. ಆ ಎರಡು ದಿನವೂ ಅವರು ಹೆಸರು ಹುಡುಕಿ ಹುಡುಕಿ ಮೆಸೇಜು ಹಾಕಿದ್ದರು. ಆಮೇಲೆ ಎಲ್ಲವೂ ಒಟ್ಟಿಗೆ ಬಂತು. ಇನ್ನೊಮ್ಮೆ ಹಾಗೆ ಓದಲಿಕ್ಕೆ ನನ್ನಿಂದ ಆಗುವುದಿಲ್ಲ.”

ಸುಂದರಿಗೆ ಇದು ಗೊತ್ತಿರಲಿಲ್ಲ. ಒಂದೇ ಮನೆಯಲ್ಲಿ, ಒಂದೇ ಚಾಪೆಯ ಮೇಲೆ ಮಲಗಿ ಇಬ್ಬರೂ ಬೇರೆಬೇರೆ ದುಃಖವನ್ನು ಕಾಯುತ್ತಿದ್ದರು.

“ಅಲ್ಲಿ ಫೋನು ಸಿಗುತ್ತದಾ?” ಎಂದಷ್ಟೇ ಕೇಳಿದಳು.

“ಚೆನ್ನಾಗಿ ಸಿಗುತ್ತದೆ. ಹೋದ ತಿಂಗಳು ಅತ್ತೆ ಮನೆಯ ತಾರಸಿಯನ್ನು ಟವರಿಗೆ ಬಾಡಿಗೆಗೆ ಕೊಟ್ಟರಲ್ಲ. ನನ್ನ ಕೋಣೆ ಸರಿಯಾಗಿ ಅದರ ಕೆಳಗೇ.”

ಸುಂದರಿ ಬ್ಯಾಗಿನ ಮೇಲೆ ಕೈಯಿಟ್ಟಳು, ಮತ್ತೆ ತೆಗೆದಳು.

ಅಷ್ಟರಲ್ಲಿ ರಿಕ್ಷಾ ಕಂಡು ಸಮಿತಿ ಇಡೀ ಬೇಲಿಯ ಬಳಿ ಬಂದು ನಿಂತಿತ್ತು. ನವ್ಯಾ ಮೆಟ್ಟಿಲಿಳಿಯುವಾಗ ಕಡಲ ಗಾಳಿ ಶಾಲನ್ನು ಹಾರಿಸಿತು. ಐದು ತಿಂಗಳ ಗುಟ್ಟು ಎಲ್ಲರಿಗೂ ಕಾಣಿಸಿತು. ವೆರೊನಿಕಾ ಬಾಯಿ ಬಾಯಿಗೆ ಕೈ ಇಟ್ಟುಕೊಂಡರು. ದೇಜಪ್ಪ ಒಳಗೆ ಬಂದು, ಬ್ಯಾಗನ್ನು ಎತ್ತಿ ರಿಕ್ಷಾದಲ್ಲಿಟ್ಟ. “ನಿಧಾನ ಹೋಗು ಮಗಾ. ಗುಂಡಿ ತಪ್ಪಿಸಿ ಬಿಡು ಮಾರಾಯ,” ಎಂದು ರಿಕ್ಷಾದವನಿಗೂ ಹೇಳಿದ. ರಿಕ್ಷಾ ತಿರುವಿನಲ್ಲಿ ಮರೆಯಾದ ಮೇಲೆಯೇ ಅವನು ಮತ್ತೆ ಅಧ್ಯಕ್ಷನಾದದ್ದು.

“ಸಾರ್, ಹಾಗಾದರೆ ಸುಂದರಿಯ ಸಹಿ ಸುಳ್ಳು. ಅವಳ ಅಳತೆಯೂ ನಡೆಯುವುದಿಲ್ಲ ಅಲ್ವಾ?”

“ನಡೆಯುವುದಿಲ್ಲ,” ಎಂದರು ಡಾಕ್ಟರು. “ಹಿತಾಸಕ್ತಿ ಇದ್ದವರು ಅಳೆಯುವಂತಿಲ್ಲ.”

ಕೆಸರು ಮೆತ್ತಿದ ಅಣ್ಣು ಆಗಲೇ ಹಗ್ಗ ಸುತ್ತಿಕೊಳ್ಳುತ್ತಿದ್ದ. ಅವನು ಅಳೆದರೆ ಟವರ್ ಎಲ್ಲಿ ನಿಲ್ಲುತ್ತದೆ ಎಂಬುದು ಎಲ್ಲರಿಗೂ ತಿಳಿದಿತ್ತು. ಮಗಳನ್ನು ವಾಪಸು ಕರೆಯೋಣವೆಂದರೆ ಇಲ್ಲಿಂದ ಫೋನು ಹೋಗುವುದಿಲ್ಲ. ಕರೆದು ಹೇಳುವುದಾದರೂ ಏನು?

ಸುಂದರಿ ಅಂಗಳಕ್ಕಿಳಿದಳು. “ದೇಜಪ್ಪಣ್ಣ, ಟವರಾದರೆ ಅವಳು ಕಾಪುವಿನಿಂದ ಮಾತಾಡುವುದು ನನಗೆ ಕೇಳುತ್ತದಾ?”

“ಕೇಳದೆ? ಒಂದು ಫೋನು ತೆಗೆದುಕೊಂಡರೆ ಆಯಿತು, ಪಕ್ಕದಲ್ಲಿ ಕೂತು ಮಾತಾಡಿದ ಹಾಗೆ.”

“ಹಾಗಾದರೆ ನನ್ನ ಅಂಗಳದಲ್ಲೇ ಹಾಕಿ. ಮೀನು ಒಣಗಿಸುವ ಜಾಗ ಬಿಟ್ಟುಕೊಡುತ್ತೇನೆ. ಬಾಡಿಗೆ ಎಷ್ಟಾದರೂ ಕೊಡಲಿ.”

ಕಂಪೆನಿಯ ಡಾಕ್ಟರು ಅಂಗಳವನ್ನು ಕಣ್ಣಳತೆಯಲ್ಲಿ ನೋಡತೊಡಗಿದರು. ದೇಜಪ್ಪನ ಮುಖ ಬಿಳಿಚಿಕೊಂಡಿತು.

“ಛೆ ಛೆ, ಎಂತ ಮಾತು ಸುಂದರಿ!” ಎಂದ ಅವನು, ಅವಳಿಗೂ ಡಾಕ್ಟರಿಗೂ ನಡುವೆ ಬಂದು ನಿಂತು. “ಮನೆಗೆ ಅಷ್ಟು ಹತ್ತಿರ ಹಾಕುವುದುಂಟಾ? ವಿಕಿರಣ ಎಂದರೆ ತಮಾಷೆಯಾ ಮಾರಾಯ್ತಿ? ನಿನ್ನ ಮೊಮ್ಮಗು ನಾಳೆ ಇದೇ ಅಂಗಳದಲ್ಲಿ ಆಡಬೇಕಲ್ಲ!”