ಪಾದರಕ್ಷೆ ಹೊರಗೆ ಬಿಟ್ಟು ಬರತಕ್ಕದ್ದು

ಸಕ್ಕರೆ ಕಾಯಿಲೆಯವರ ಕಾಲಿಗೆ ಹುಣ್ಣಾಗದಂತೆ ತಡೆಯಬೇಕೆಂದು ಬಳ್ಳಾರಿಯ ಕಂಟೋನ್ಮೆಂಟಿನಲ್ಲಿ ಕಚೇರಿ ಹೊಂದಿರುವ ಪಾದ ಪಾಲನಾ ಸಮಿತಿಯು ಸರ್ವಾನುಮತದಿಂದ ತೀರ್ಮಾನಿಸಿತು. ಶಿಬಿರಗಳನ್ನು ಮೇ ತಿಂಗಳಿನಲ್ಲಿ, ಮುಖ್ಯ ಅತಿಥಿಗಳಿಗೆ ಅನುಕೂಲವಾಗುವ ನಡುಮಧ್ಯಾಹ್ನದ ಹೊತ್ತಿಗೆ ಇಟ್ಟುಕೊಳ್ಳಲಾಯಿತು. ಎರಡೂ ಊರಿನವರು ಭಾಗವಹಿಸಿದಂತಾಗಲಿ ಎಂದು ಕುರುಗೋಡಿನವರಿಗೆ ಸಿರುಗುಪ್ಪದಲ್ಲೂ ಸಿರುಗುಪ್ಪದವರಿಗೆ ಕುರುಗೋಡಿನಲ್ಲೂ ಶಿಬಿರ ಗೊತ್ತಾಯಿತು.

ಕುರುಗೋಡಿನಲ್ಲಿ ಬಟ್ಟೆ ಅಂಗಡಿ ಇಟ್ಟಿರುವ ತಿಪ್ಪೇರುದ್ರಪ್ಪನವರು ಹೀಗಾಗಿ ಸಿರುಗುಪ್ಪದ ಬಸ್ಸು ಹತ್ತಿದರು. ಹಳೆಯ ಸಕ್ಕರೆ ಕಾಯಿಲೆಯಿಂದ ಅವರ ಅಂಗಾಲುಗಳು ಜೋಮು ಹಿಡಿದು, ಮುಳ್ಳು ಮುರಿದರೂ ತಿಳಿಯುತ್ತಿರಲಿಲ್ಲ. ಹೋದ ವರ್ಷ ಹೀಗೇ ತಿಳಿಯದೆ ಹೊಕ್ಕ ಮೊಳೆಯೊಂದು ಎಡಗಾಲಿನ ಕಿರುಬೆರಳನ್ನು ತೆಗೆದುಕೊಂಡೇ ಹೋಗಿತ್ತು. ಉಳಿದ ಬೆರಳುಗಳನ್ನಾದರೂ ಉಳಿಸಿಕೊಳ್ಳಬೇಕು ಎಂಬುದೊಂದೇ ಈಗ ಅವರ ಆಸೆ. ಮನೆಯೊಳಗೂ ಬರಿಗಾಲಲ್ಲಿ ಓಡಾಡಬೇಡಿ ಎಂದು ಡಾಕ್ಟರು ಹೇಳಿದ ಮೇಲೆ, ಹೆಂಡತಿ ಶಿವಬಸಮ್ಮ ಸಾಕಷ್ಟು ಜಗಳವಾಡಿ, ಕೊನೆಗೆ ದೇವರ ಕೋಣೆಯೊಂದನ್ನು ಬಿಟ್ಟು ಉಳಿದೆಲ್ಲ ಕಡೆ ಚಪ್ಪಲಿಗೆ ಒಪ್ಪಿಗೆ ಕೊಟ್ಟಿದ್ದರು. ಶಿಬಿರದಲ್ಲಿ ಮೆತ್ತನೆಯ ಅಟ್ಟೆಯ ಚಪ್ಪಲಿ ಪುಕ್ಕಟೆ ಸಿಗುತ್ತದೆಂದು ಕೇಳಿ ಗಂಡನನ್ನು ಹೊರಡಿಸಿದವರೂ ಅವರೇ.

ಕಲ್ಯಾಣ ಮಂಟಪದ ಗೇಟಿನಲ್ಲಿ ಮೈಕು ಗಂಭೀರವಾಗಿ ಸಾರುತ್ತಿತ್ತು: "ಪಾದ ತಪಾಸಣೆಗೆ ಆಗಮಿಸುವ ಮಹನೀಯರು ತಮ್ಮ ಪಾದರಕ್ಷೆಗಳನ್ನು ಗೇಟಿನ ಹೊರಗೆ ಬಿಟ್ಟು ಬರತಕ್ಕದ್ದು. ಒಳಗೆ ದೀಪ ಬೆಳಗುವ ಕಾರ್ಯಕ್ರಮವಿರುತ್ತದೆ. ನಡೆಯುವಾಗ ಪಾದಗಳ ಬಗ್ಗೆ ಎಚ್ಚರ ವಹಿಸತಕ್ಕದ್ದು."

ಗೇಟಿನಿಂದ ಮಂಟಪದವರೆಗೆ ಬಂಡೆ ಹಾಸಿದ್ದರು. ಬಿಸಿಲಿಗೆ ಅದು ರೊಟ್ಟಿ ಹಂಚಿನಂತೆ ಕಾದಿತ್ತು. ತಿಪ್ಪೇರುದ್ರಪ್ಪನವರು ಶಿಬಿರದ ಸಂಚಾಲಕ ವೀರಭದ್ರನಿಗೆ ಕೈಮುಗಿದರು.

"ಚಪ್ಪಲಿ ಬಿಡಬ್ಯಾಡ ಅಂತ ಡಾಕ್ಟ್ರು ಹೇಳ್ಯಾರ್ರಿ."

"ಖರೇ ಹೇಳ್ಯಾರ್ರಿ ಸಾವ್ಕಾರ್ರ. ಇವತ್ತಿನ ಭಾಷಣದಾಗ ನಾವೂ ಅದನ್ನ ಹೇಳಾವ್ರು. ಅದನ್ನ ಕೇಳಾಕ ಒಳಗ ಬರೂ ಮುಂದ ಮಾತ್ರ ಬಿಟ್ಟು ಬರ್ರಿ."

ದೀಪದ ಮುಂದೆ ಚಪ್ಪಲಿ ಮೆಟ್ಟಿ ಹೋಗುವ ಇವನೆಂಥ ಮನುಷ್ಯ ಎಂಬಂತೆ ಹಿಂದಿದ್ದವರು ನೋಡತೊಡಗಿದರು. ತಿಪ್ಪೇರುದ್ರಪ್ಪನವರಿಗೆ ಆ ಗಳಿಗೆಯಲ್ಲಿ ಬೆರಳಿಗಿಂತ ಮರ್ಯಾದೆ ದೊಡ್ಡದೆನಿಸಿತು. ಚಪ್ಪಲಿ ಬಿಟ್ಟರು.

ಮುಖ್ಯ ಅತಿಥಿಗಳು ಬರುವುದು ತಡವಾದ್ದರಿಂದ, ಅವರ ಸ್ವಾಗತಕ್ಕಾಗಿ ಎಲ್ಲರನ್ನೂ ಹೂವು ಕೊಟ್ಟು ಬಂಡೆಯ ಮೇಲೆ ಸಾಲಾಗಿ ನಿಲ್ಲಿಸಲಾಯಿತು. ಕಾಲು ಸುಡುತ್ತಿದೆಯೆಂದು ಒಬ್ಬರೂ ದೂರಲಿಲ್ಲ. ಬಂದವರೆಲ್ಲರ ಅಂಗಾಲೂ ಜೋಮು ಹಿಡಿದಿತ್ತು. ದೂರು ಬಾರದಿರುವುದನ್ನು ಸಮಿತಿಯು ಉತ್ತಮ ವ್ಯವಸ್ಥೆಯ ಗುರುತೆಂದು ಪರಿಗಣಿಸಿತು.

ಒಳಗೆ ತಪಾಸಣೆಯಲ್ಲಿ ನರ್ಸ್ ಅರುಣಾ ತಿಪ್ಪೇರುದ್ರಪ್ಪನವರ ಎಡಗಾಲನ್ನು ಎತ್ತಿ ನೋಡಿದಳು. ಹೆಬ್ಬೆರಳಿನ ಅಡಿಯಲ್ಲಿ ದೊಡ್ಡ ಬೊಬ್ಬೆ ಎದ್ದಿತ್ತು. ಇದು ಯಾವಾಗ ಆಯಿತೆಂದು ಕೇಳಿದಳು. ಬೆಳಿಗ್ಗೆ ಹೆಂಡತಿ ಎರಡೂ ಅಂಗಾಲು ನೋಡಿಯೇ ಕಳಿಸಿದ್ದಾಳೆ, ಆಗ ಇರಲಿಲ್ಲ ಎಂದರು ಅವರು. ಅರುಣಾ ಎದ್ದು ಹೋಗಿ, ಜನಕ್ಕೆ ಮೊದಲು ಚಪ್ಪಲಿ ಹಾಕಿಕೊಳ್ಳಲು ಬಿಡಿ ಎಂದು ವೀರಭದ್ರನಿಗೆ ಹೇಳಿದಳು. ವೀರಭದ್ರ ಅವಳಿಗೆ ಧನ್ಯವಾದ ಹೇಳಿ ಮೈಕು ಹಿಡಿದ. ಬಂದವರೆಲ್ಲರ ಕಾಲಲ್ಲೂ ಗಾಯ ಪತ್ತೆಯಾಗಿದೆ, ಮನೆಯಲ್ಲಿ ಇಲ್ಲದ ಗಾಯವನ್ನೂ ಈ ಶಿಬಿರ ಪತ್ತೆ ಹಚ್ಚಿದೆ ಎಂದು ಘೋಷಿಸಿದ. ಜನ ಚಪ್ಪಾಳೆ ತಟ್ಟಿದರು.

ಮೆತ್ತನೆಯ ಚಪ್ಪಲಿಗೂ ನಿಯಮವಿತ್ತು. ಗಾಯವಿದ್ದವರು ಮಾತ್ರ ಅರ್ಹರು. ಬ್ಯಾಂಡೇಜಿನ ಮೇಲೆ ಚಪ್ಪಲಿ ಹಿಡಿಸದ ಕಾರಣ ಗಾಯ ಮಾಯುವವರೆಗೆ ಧರಿಸತಕ್ಕದ್ದಲ್ಲ. ಗಾಯ ಮಾಯ್ದ ಕೂಡಲೇ ಅರ್ಹತೆ ತಪ್ಪುವುದರಿಂದ ಚಪ್ಪಲಿಯನ್ನು ಹಿಂದಿರುಗಿಸತಕ್ಕದ್ದು. ತಿಪ್ಪೇರುದ್ರಪ್ಪನವರು ಹೊಸ ಚಪ್ಪಲಿಯನ್ನು ಕಂಕುಳಲ್ಲಿಟ್ಟುಕೊಂಡು ಅದೇ ಬಂಡೆಯ ಮೇಲೆ ಹೊರಗೆ ಬಂದರು. ಹಳೆಯದನ್ನು ಯಾರೋ ಮೆಟ್ಟಿಕೊಂಡು ಹೋಗಿದ್ದರು. ಒಬ್ಬರ ಪಾದವಾದರೂ ಸುರಕ್ಷಿತವಾಯಿತಲ್ಲ ಎಂದು ವೀರಭದ್ರ ಸಮಾಧಾನ ಹೇಳಿದ.

ಮನೆಯಲ್ಲಿ ಶಿವಬಸಮ್ಮ ಗಂಡನ ಕಾಲನ್ನು ಮಡಿಲಲ್ಲಿಟ್ಟುಕೊಂಡು ಅತ್ತರು. ಅವರ ಸಂಕಟ ಸುಳ್ಳಿನದಲ್ಲ. ಕಣ್ಣೊರೆಸಿಕೊಂಡು, "ಇನ್ನ ಮ್ಯಾಲೆ ದೇವರ ಕ್ವಾಣಿಗೂ ಚಪ್ಪಲಿ ಹಾಕ್ಕೊಂಡ ಬರ್ರಿ. ದೇವರಿಗೆ ನಾನು ಹೇಳ್ಕೊಂತೀನಿ," ಎಂದರು. ದೇವರು ತಕರಾರು ಮಾಡಲಿಲ್ಲ. ಆದರೆ ಅಷ್ಟು ಹೊತ್ತಿಗೆ ತಡವಾಗಿತ್ತು. ಬೊಬ್ಬೆ ಒಡೆದು ಹುಣ್ಣಾಗಿ, ಹುಣ್ಣು ಎಲುಬಿಗಿಳಿದು, ಬಳ್ಳಾರಿಯ ಆಸ್ಪತ್ರೆಯಲ್ಲಿ ಹೆಬ್ಬೆರಳನ್ನು ತೆಗೆದರು.

ಸಮಿತಿ ಈ ವಿಷಯವನ್ನು ಹಗುರವಾಗಿ ತೆಗೆದುಕೊಳ್ಳಲಿಲ್ಲ. ಇಲ್ಲದ ಬೆರಳಿಗೆ ಹುಣ್ಣಾಗುವ ಸಂಭವ ಇಲ್ಲವಾದ್ದರಿಂದ ತಿಪ್ಪೇರುದ್ರಪ್ಪನವರ ವಿಷಯದಲ್ಲಿ ಶಾಶ್ವತ ತಡೆಯನ್ನು ಸಾಧಿಸಲಾಗಿದೆ ಎಂದು ಪ್ರಕಟಿಸಿ, ಅವರಿಗೆ ಶಾಲು ಹೊದಿಸಿತು. ಮೆತ್ತನೆಯ ಚಪ್ಪಲಿಯನ್ನು ನಿಯಮದಂತೆ ವಾಪಸು ಪಡೆಯಿತು. ಜೊತೆಗೆ, ಮುಂದಿನ ಮೇ ತಿಂಗಳ ಕುರುಗೋಡಿನ ಶಿಬಿರದಲ್ಲಿ ಗೇಟು ಕಾಯುವ ಗೌರವದ ಕೆಲಸವನ್ನೂ ಅವರ ಮುಂದಿಟ್ಟಿತು.

ತಿಪ್ಪೇರುದ್ರಪ್ಪನವರಿಗೆ ಸಿಟ್ಟು ಬಂತು. ಬೇಡವೆನ್ನಲು ಬಾಯಿ ತೆರೆದವರು ಸ್ವಲ್ಪ ಯೋಚಿಸಿದರು. ಗೇಟು ಕಾಯುವವನು ನಿಲ್ಲುವುದು ಗೇಟಿನ ಹೊರಗೆ. ಹೊರಗಿರುವವನಿಗೆ ಚಪ್ಪಲಿ ಬಿಡುವ ನಿಯಮವಿಲ್ಲ. ಮೇಲಾಗಿ ಸಿಬ್ಬಂದಿಗೆ ಮೆತ್ತನೆಯ ಚಪ್ಪಲಿ ಗಾಯವಿಲ್ಲದೆಯೂ ಸಿಗುತ್ತದೆ. ಒಪ್ಪಿಕೊಂಡರು.

ಶಿಬಿರದ ದಿನ ಬಿಸಿಲು ಚೆನ್ನಾಗಿತ್ತು. ಸಿರುಗುಪ್ಪದಿಂದ ಬಂದ ಹಂಪಮ್ಮ ಎಂಬ ಹೆಂಗಸು ಗೇಟಿನಲ್ಲಿ ನಿಂತು ಕಾದ ನೆಲವನ್ನೂ ಅವರ ಕಾಲನ್ನೂ ನೋಡಿದಳು.

"ಎಪ್ಪಾ, ನೀವು ಹಾಕ್ಕೊಂಡೀರಲ್ಲ?"

"ನಾನು ಒಳಗ ಹೋಗೂದಿಲ್ಲವ್ವಾ."

"ಕಾಲು ಸುಡೂದಿಲ್ಲೇನ್ರಿ?"

"ಸುಡ್ತಾವ. ನಮಗ ಗೊತ್ತಾಗೂದಿಲ್ಲ."

ಹಂಪಮ್ಮನಿಗೆ ಮಾತು ಸರಿಯೆನಿಸಿತು. ಚಪ್ಪಲಿ ಕಳಚಿ, ಜೋಡಿಸಿ, ಯಾರೂ ಒಯ್ಯದಂತೆ ಅವರ ಕಾಲ ಬಳಿಯೇ ಇಟ್ಟು, ಜೋಪಾನವಾಗಿ ನೋಡಿಕೊಳ್ಳಬೇಕೆಂದು ಕೇಳಿಕೊಂಡಳು.

"ಚಿಂತಿ ಮಾಡಬ್ಯಾಡವ್ವಾ, ಹೋಗಿ ಬಾ. ಚಪ್ಪಲಿಗೆ ಏನೂ ಆಗದಂಗ ನಾನು ನೋಡ್ಕೊಂತೀನಿ," ಎಂದರು ತಿಪ್ಪೇರುದ್ರಪ್ಪನವರು.